ಮೂಗಿನ ನೇರ

“ತನ್ನ ಮೂಗಿನ ನೇರಕ್ಕೇ ನೋಡುವವನು” ಎಂಬುದು ನಮ್ಮ ಜನರ ಆಡುಮಾತಿನಲ್ಲಿ ಒಂದು ನಿಂದೆ. ತನಗೆ ಕಂಡುದೇ ಸರಿ, ತನಗೆ ಕಾಣದುದು ಇಲ್ಲವೇ ಇಲ್ಲ ಎಂದು ಹಟ ಹಿಡಿಯುವವನಿಗೆ ಈ ಮಾತು ಸಲ್ಲುವುದು. ಮನುಷ್ಯ ಮನುಷ್ಯರ ವ್ಯವಹಾರದಲ್ಲಿ ಈ ದೋಷವನ್ನು ನಾವು ಬೇಗನೆ ಗುರುತಿಸುತ್ತೇವೆ. ಮೃಗಗಳ ವಿಷಯದಲ್ಲಿ ಮಾತ್ರ ಅದು ದೋಷವೆಂದೇ ನಮಗೆ ತೋರುವುದಿಲ್ಲ. ನಮಗೆ ತಿಳಿಯದ ವಾಸನೆ ನಾಯಿಗೆ ತಿಳಿಯುತ್ತದೆ ಎಂಬುದನ್ನು ಎಲ್ಲರೂ ಒಪ್ಪುವರು. ಆದರೆ ಆ ಒಪ್ಪಿಗೆಯ ಹಿಂದೆ, ನಾಯಿಯ ಮೂಗೆಂದರೆ ನಮ್ಮ ಮೂಗೇ, ಬಲ ಮಾತ್ರ ಸ್ವಲ್ಪ ಹೆಚ್ಚು ಎಂಬ ಭಾವನೆ ಅಡಗಿರುತ್ತದೆ. ಈ ಭಾವನೆಯನ್ನು ಕದಲಿಸುವಂಥ ಒಂದು ಸಂಗತಿ ಈಚಿನ ವರ್ಷಗಳಲ್ಲಿ ವಿಜ್ಞಾನಿಗಳ ಪರೀಕ್ಷೆಗಳಿಂದ ಹೊರಪಟ್ಟಿದೆ. ಅದರ ವಿವರವನ್ನು ಮೊದಲು ಹೇಳಿ, ಅದರಿಂದ ಏಳುವ ಧರ್ಮಪ್ರಶ್ನೆಯನ್ನು ಆಮೇಲೆ ವಾಚಕರ ಮುಂದಿಡುವೆನು.

ನಾಯಿಯನ್ನು ಸಾಕಿದ ಮನೆಗಳಲ್ಲಿ ಒಂದು ನಂಬಿಕೆಯುಂಟು: ಮೂಗಿನ ತುದಿ ತಣ್ಣಗೆ ಒದ್ದೆಯಾಗಿದ್ದರೆ ನಾಯಿ ಸುಖವಾಗಿದೆ, ಬೆಚ್ಚಗೆ ಒಣಗಿದ್ದರೆ ಅದಕ್ಕೆ ಜ್ವರ. ಈ ಪರೀಕ್ಷೆಯನ್ನು ಪಶುವೈದ್ಯರು ನೆಚ್ಚುವುದಿಲ್ಲ. ಎಚ್ಚತ್ತು ಓಡಾಡುವ ನಾಯಿಯ ಮೂಗು ತಣ್ಣಗಿರುವುದು. ಅದೇ ನಾಯಿ ಮಲಗಿ ನಿದ್ರಿಸಿದರೆ ಮೂಗು ಬೆಚ್ಚಗಾಗುವುದು. ಎದ್ದು ಮೈಮುರಿದ ಸ್ವಲ್ಪ ಹೊತ್ತಿನಲ್ಲಿ ಮತ್ತೆ ತಂಪೇರುವುದು. ಜ್ವರವನ್ನು ಉಷ್ಣಮಾಪಕವೇ ಹೇಳಬೇಕು. ಆದರೆ ಇಲ್ಲಿ ಗಮನಿಸತಕ್ಕ ಅಂಶ ಬೇರೆ. ಶತಮಾನಗಳಿಂದ ನಾವು ಆ ತಂಪನ್ನು ಬೆರಳಿನಿಂದ ಮುಟ್ಟಿ ನೋಡಿದ್ದೇವೆ. ಅದು ನಮಗೆ ಏನನ್ನು ಸೂಚಿಸುತ್ತದೆ ಎಂದು ವಿಚಾರಿಸಿದ್ದೇವೆ. ಆ ತಂಪಿನಿಂದ ನಾಯಿಗೆ ಏನು ಪ್ರಯೋಜನವೆಂದು ಕೇಳಿದವರು ವಿರಳ.

ಈ ಪ್ರಶ್ನೆಯನ್ನು ಕೈಗೆತ್ತಿಕೊಂಡವರು ಸ್ವೀಡನ್ ದೇಶದ ಲುಂಡ್ ವಿಶ್ವವಿದ್ಯಾನಿಲಯದ ರೊನಾಲ್ಡ್ ಕ್ರೋಗರ್ ಎಂಬ ವಿದ್ವಾಂಸರು ಮತ್ತು ಅವರ ಸಂಗಡಿಗರು. ೨೦೧೭ರಲ್ಲಿ ಪ್ರಕಟವಾದ ಅವರ ಅಳತೆಗಳಿಂದ ತಿಳಿದುಬಂದುದು ಇದು: ಸುತ್ತಲಿನ ಗಾಳಿ ೩೦ ಡಿಗ್ರಿ ಸೆಂಟಿಗ್ರೇಡಿನಷ್ಟು ಬಿಸಿಯಾಗಿರುವಾಗ ಎಚ್ಚತ್ತ ನಾಯಿಯ ಮೂಗಿನ ತುದಿ ಅದಕ್ಕಿಂತ ಸುಮಾರು ೫ ಡಿಗ್ರಿ ತಂಪಾಗಿರುತ್ತದೆ, ಗಾಳಿ ೧೫ ಡಿಗ್ರಿಗೆ ಇಳಿದಾಗ ಎರಡೂ ಹೆಚ್ಚುಕಡಿಮೆ ಸಮವಾಗುತ್ತವೆ, ನೀರು ಹೆಪ್ಪುಗಟ್ಟುವ ಸೊನ್ನೆ ಡಿಗ್ರಿಯ ಚಳಿಯಲ್ಲಿಯೂ ಮೂಗು ಸುಮಾರು ೮ ಡಿಗ್ರಿಯಲ್ಲಿ ನಿಲ್ಲುತ್ತದೆ. ನಾಯಿಯ ದೇಹದ ಒಳಗಿನ ಉಷ್ಣತೆಯಾದರೋ ೩೮ ಡಿಗ್ರಿಗೆ ಮೇಲ್ಪಟ್ಟುದು. ಅಂದಮೇಲೆ ಇಷ್ಟು ಬಿಸಿಯಾದ ಶರೀರದ ಮುಂದುಗಡೆಯಲ್ಲಿ ಇಷ್ಟು ತಂಪಾದ ಒಂದು ಚರ್ಮದ ತುಂಡನ್ನು ಕಾಪಾಡಿಕೊಂಡು ಬರುವುದು ಆಕಸ್ಮಿಕವಾಗಿರಲಾರದು. ಮೂಗಿನೊಳಗಿನ ಗ್ರಂಥಿಗಳ ರಸವೂ ನಾಲಗೆಯ ನೆಕ್ಕುವಿಕೆಯೂ ಆ ತುದಿಯನ್ನು ಒದ್ದೆಯಾಗಿಡುತ್ತವೆ. ಒದ್ದೆ ಆರುವಾಗ ತಂಪಾಗುವುದು, ನಮ್ಮ ಮನೆಯ ಮಣ್ಣಿನ ಹೂಜಿಯಲ್ಲಿ ನೀರು ತಂಪಾಗುವಂತೆಯೇ. ನಾಯಿ ದೊಡ್ಡ ಪ್ರಾಣಿಯಲ್ಲ. ಮೂಗಿನ ತುದಿಯಾದರೋ ಒಂದು ನಾಣ್ಯದಗಲ. ಅಷ್ಟನ್ನು ತಂಪುಮಾಡಿದರೆ ಮೈಯೆಲ್ಲ ತಂಪಾದೀತೆ? ಮೈಯ ಬೇಗೆಯನ್ನು ಕಳೆಯಲು ನಾಯಿ ಬಾಯಿತೆರೆದು ಏದುತ್ತದೆಯಷ್ಟೆ.

ಇಲ್ಲೊಂದು ತೊಡಕೂ ಉಂಟು. ಚಳಿಯಲ್ಲಿ ಬೆರಳು ಮರಗಟ್ಟಿದಾಗ ಸೂಜಿಗೆ ದಾರ ಪೋಣಿಸಲಾರೆವು. ತಣ್ಣಗಾದ ಚರ್ಮ ಮುಟ್ಟಿ ತಿಳಿಯುವ ಕೆಲಸಕ್ಕೆ ಮಂದವಾಗುತ್ತದೆ. ಮೂಗಿನಿಂದ ಮುಟ್ಟಿಯೇ ಬದುಕುವ ಮೃಗಗಳಿವೆ. ಉತ್ತರ ಅಮೆರಿಕದ ನಕ್ಷತ್ರಮೂಗಿನ ಮೋಲ್ ಎಂಬ ಬಿಲವಾಸಿಯ ಮೂಗಿನ ಸುತ್ತ ೨೨ ಮಾಂಸದ ಕಿರಣಗಳಿದ್ದು, ಅವುಗಳಲ್ಲಿ ಸುಮಾರು ೨೫,೦೦೦ ಸ್ಪರ್ಶಬಿಂದುಗಳು ಕಿಕ್ಕಿರಿದಿವೆ. ನಾಯಿಯ ಮೂಗಿನ ತುದಿಯೂ ನರಗಳಿಂದ ತುಂಬಿದುದೇ. ನರಗಳು ಅಷ್ಟೊಂದು, ತಂಪೂ ಅಷ್ಟೊಂದು: ಇದು ಹೇಗೆ ಹೊಂದುವುದು?

ಉತ್ತರ ೨೦೨೦ರಲ್ಲಿ ಬಂದಿತು. ಲುಂಡಿನವರೂ ಹಂಗೇರಿಯ ರಾಜಧಾನಿ ಬುಡಾಪೆಸ್ಟಿನ ಎಯೊಟ್ವೋಷ್ ಲೊರಾಂಡ್ ವಿಶ್ವವಿದ್ಯಾನಿಲಯದವರೂ ಕೂಡಿ ಈ ಪರೀಕ್ಷೆಯನ್ನು ನಡೆಸಿದರು. ಎರಡು ವಸ್ತುಗಳು, ನೋಟಕ್ಕೆ ಒಂದೇ, ವಾಸನೆಗೂ ಒಂದೇ, ಒಂದರ ಮೇಲ್ಮೈ ಮಾತ್ರ ೩೧ ಡಿಗ್ರಿಗೆ ಬೆಚ್ಚಗೆ, ಇನ್ನೊಂದು ಕೋಣೆಯಷ್ಟೇ ತಂಪು. ೧.೬ ಮೀಟರ್, ಎಂದರೆ ಸುಮಾರು ಐದು ಅಡಿ ದೂರದಲ್ಲಿ ನಿಂತು ಬೆಚ್ಚನೆಯದನ್ನು ಆರಿಸಬೇಕು. ಮೂರು ನಾಯಿಗಳಿಗೆ ಈ ಕೆಲಸವನ್ನು ಕಲಿಸಲಾಯಿತು. ಮೂರೂ ಅದನ್ನು ಕಲಿತು ಸರಿಯಾಗಿ ಆರಿಸಿದುವು. ಯಾವುದು ಬೆಚ್ಚಗಿದೆಯೆಂದು ಜತೆಯಲ್ಲಿದ್ದ ಮನುಷ್ಯರಿಗೂ ತಿಳಿಯದಂತೆ ಏರ್ಪಾಡಾಗಿತ್ತಾದುದರಿಂದ, ಮುಖಭಾವದಿಂದ ಸುಳಿವು ದೊರೆತಿತೆಂಬ ಶಂಕೆಗೆ ಎಡೆಯಿಲ್ಲ. ಬೇರೆ ೧೩ ನಾಯಿಗಳ ಮಿದುಳನ್ನು ಚಿತ್ರಿಸಿ ನೋಡಿದಾಗ, ಬೆಚ್ಚನೆಯ ವಸ್ತು ಎದುರಿಗೆ ಬಂದಾಗ ಎಡಮಿದುಳಿನಲ್ಲಿ ಸ್ಪರ್ಶಸಂಬಂಧವಾದ ಒಂದು ಭಾಗ ಎಚ್ಚತ್ತುದು ಕಂಡುಬಂತು. ಆ ಮೂಗು ದೂರದ ಬಿಸುಪನ್ನು ಗ್ರಹಿಸುವ ಸಾಧನ. ಅದು ತಂಪಾಗಿರುವುದು ಆ ಕೆಲಸಕ್ಕೆ ಒದಗುವಂತೆ ಇದೆ ಎಂದು ಆ ವಿದ್ವಾಂಸರ ಅಭಿಪ್ರಾಯ. ನಮ್ಮ ಕೆನ್ನೆಗೂ ದೂರದ ಒಲೆಯ ಕಾವು ತಿಳಿಯುತ್ತದೆ, ನಿಜ. ಆದರೆ ಅದು ಉರಿಯುವ ಒಲೆ. ಇಲ್ಲಿಯದು ಒಂದು ಮೊಲದ ಮೈಬಿಸುಪು.

ನಾಯಿ ಇದರಲ್ಲಿ ಒಂಟಿಯಲ್ಲ. ಅಮೆರಿಕದ ಉಷ್ಣಪ್ರದೇಶಗಳಲ್ಲಿ ನೆತ್ತರನ್ನೇ ಕುಡಿದು ಬದುಕುವ ಬಾವಲಿಯೊಂದಿದೆ. ಅದರ ಮೂಗಿನ ಬಳಿಯ ಕುಳಿಗಳು ಮುಖದ ಉಳಿದ ಭಾಗಕ್ಕಿಂತ ೯ ಡಿಗ್ರಿಯವರೆಗೂ ತಂಪಾಗಿರುವುದನ್ನೂ, ಒಂದು ಗೇಣಿಗಿಂತ ಸ್ವಲ್ಪ ಕಡಿಮೆ ದೂರದಿಂದ ಅದು ಬಿಸುಪನ್ನು ಅರಿಯುವುದನ್ನೂ ೧೯೮೨ರಲ್ಲಿ ಜರ್ಮನ್ ವಿಜ್ಞಾನಿಗಳು ತೋರಿಸಿದರು. ೨೦೧೧ರಲ್ಲಿ ಇದರ ಒಳಗುಟ್ಟೂ ಬಯಲಾಯಿತು: ಸುಡುವ ಬಿಸಿಯನ್ನು ನೋವಾಗಿ ತಿಳಿಸಲು ಎಲ್ಲ ಸಸ್ತನಿಗಳ ನರಗಳಲ್ಲಿರುವ ಒಂದು ಪ್ರೋಟೀನು, ಈ ಬಾವಲಿಯ ಮುಖದ ನರಗಳಲ್ಲಿ ತುಸು ಮೊಟಕಾಗಿ, ಸುಮಾರು ೩೦ ಡಿಗ್ರಿಯ ನಸುಬಿಸುಪಿಗೇ ಎಚ್ಚರಗೊಳ್ಳುತ್ತದೆ. ನಮ್ಮಲ್ಲಿ ನೋವಿನ ದ್ವಾರವಾಗಿರುವುದು ಅದರಲ್ಲಿ ಅರಿವಿನ ದ್ವಾರವಾಗಿದೆ. ಈ ಒಂದು ಸಂಗತಿಯನ್ನು ವಾಚಕರು ನೆನಪಿನಲ್ಲಿಡಬೇಕೆಂದು ಬೇಡುವೆನು.

ನಮ್ಮ ನೈಯಾಯಿಕರು ಇದನ್ನು ಕೇಳಿದ್ದರೆ ಬೆರಗಾಗುತ್ತಿರಲಿಲ್ಲವೆಂದು ತೋರುತ್ತದೆ. ಮೂಗು ಬೇರೆ, ಘ್ರಾಣವೆಂಬ ಇಂದ್ರಿಯ ಬೇರೆ. ಕಾಣುವ ಅವಯವವು ಇಂದ್ರಿಯವಿರುವ ಗೋಲಕ ಮಾತ್ರ. ಇಂದ್ರಿಯವು ಅತೀಂದ್ರಿಯವಾದ ಶಕ್ತಿ. ಘ್ರಾಣಕ್ಕೆ ವಿಷಯ ಗಂಧ. ಶೀತೋಷ್ಣಗಳು ತ್ವಗಿಂದ್ರಿಯಕ್ಕೆ ವಿಷಯ. ಆ ತ್ವಕ್ಕಾದರೋ ಶರೀರವನ್ನೆಲ್ಲ ವ್ಯಾಪಿಸಿದೆ. ಹೀಗಿರಲು ಒಂದೇ ಗೋಲಕದಲ್ಲಿ ಎರಡು ಇಂದ್ರಿಯಗಳು ನೆಲಸಿದುವೆಂದರೆ ಶಾಸ್ತ್ರಕ್ಕೆ ಹಾನಿಯಿಲ್ಲ. ದೂರದ ಹೂವಿನ ವಾಸನೆ ನಮಗೆ ತಿಳಿಯುವುದು ಗಾಳಿ ಹೊತ್ತು ತಂದ ಹೂವಿನ ಸೂಕ್ಷ್ಮ ಕಣಗಳು ಮೂಗನ್ನು ಮುಟ್ಟುವುದರಿಂದ ಎಂದವರು ಅವರೇ. ದೂರದ ಬಿಸುಪನ್ನು ಮೂಗಿನ ಚರ್ಮ ತಿಳಿಯುವುದಕ್ಕೂ ಅವರು ತೇಜಸ್ಸಿನ ಸಂಯೋಗವನ್ನು ಹೇಳಿ ಮುಂದಕ್ಕೆ ಹೋಗುತ್ತಿದ್ದರೇನೋ. ಕಾಣದ ತೇಜಸ್ಸೊಂದು ಇದೆಯೆಂದು ಯೂರೋಪಿನಲ್ಲಿ ಉಷ್ಣಮಾಪಕದಿಂದ ತೋರಿಸಿದವನು ವಿಲಿಯಂ ಹರ್ಷೆಲ್. ಬಿಸಿಲನ್ನು ಪಟ್ಟಕದಿಂದ ಬಣ್ಣಗಳಾಗಿ ಒಡೆದು, ಕೆಂಪಿನಾಚೆಯ ಕತ್ತಲೆಯಲ್ಲಿಟ್ಟ ಮಾಪಕ ಏರಿದುದನ್ನು ಅವನು ಕಂಡುದು ೧೮೦೦ರಲ್ಲಿ. ನಾಯಿಯ ಪೂರ್ವಿಕರಿಗೆ ಅದರ ಸುದ್ದಿ ಎಷ್ಟು ಹಿಂದೆ ತಿಳಿದಿತ್ತೋ!

ಈಗ ಪ್ರಶ್ನೆಗೆ ಬರೋಣ. ಬೆಚ್ಚನೆಯ ಜೀವವೊಂದು ಮರೆಯಲ್ಲಿರುವುದು ಮೂಗಿನ ತುದಿಗೆ ತಿಳಿಯುವುದೆಂದರೆ ಆ ನಾಯಿಗೆ ಅದು ಹೇಗೆ ತೋರುತ್ತದೆ? ನೋಟದಂತೆಯೆ, ಸ್ಪರ್ಶದಂತೆಯೆ, ಎರಡೂ ಅಲ್ಲದ ಮೂರನೆಯದೆ? ಬಾವಲಿಯಾಗಿರುವುದೆಂದರೆ ಬಾವಲಿಗೆ ಏನಾಗಿರುತ್ತದೆ ಎಂದು ಕೇಳಿ, ನಮ್ಮ ವಿಜ್ಞಾನ ಎಷ್ಟು ಬೆಳೆದರೂ ಹೊರಗಿನಿಂದ ಇದಕ್ಕೆ ಉತ್ತರ ದೊರೆಯುವುದೆಂದು ಹೇಗೆ ನಂಬೋಣ ಎಂದು ಅಮೆರಿಕದ ತಾರ್ಕಿಕ ಥಾಮಸ್ ನೇಗಲ್ ೧೯೭೪ರಲ್ಲಿ ವಾದಿಸಿದನು. ಅವನಿಗಿಂತ ಮೊದಲೇ ಯಾಕೊಬ್ ಫಾನ್ ಯುಕ್ಸ್‌ಕ್ಯೂಲ್ ಎಂಬ ಪ್ರಾಣಿಶಾಸ್ತ್ರಜ್ಞನು, ಪ್ರತಿಯೊಂದು ಪ್ರಾಣಿಯೂ ತನ್ನ ಇಂದ್ರಿಯಗಳು ಕಟ್ಟಿಕೊಟ್ಟ ತನ್ನದೇ ಲೋಕದಲ್ಲಿ ವಾಸಿಸುತ್ತದೆ ಎಂದು ಸಾರಿದ್ದನು. ಅವನ ಹೆಸರಾದ ಉದಾಹರಣೆ ಉಣ್ಣೆಹುಳು: ಅದಕ್ಕೆ ಮರಗಿಡಗಳಿಲ್ಲ, ಆಕಾಶವಿಲ್ಲ, ಬೆವರಿನ ಒಂದು ಹುಳಿವಾಸನೆ ಮತ್ತು ಮೈಯ ಬಿಸುಪು, ಇಷ್ಟೇ ಅದರ ಪ್ರಪಂಚದ ಮುಖ್ಯ ಪದಾರ್ಥಗಳು. ಇಬ್ಬರ ಮಾತೂ ನಮ್ಮನ್ನು ಒಂದು ಬಾಗಿಲ ಮುಂದೆ ತಂದು ನಿಲ್ಲಿಸುತ್ತದೆ. ಬಾಗಿಲು ಮುಚ್ಚಿದೆ, ಒಳಗೆ ಯಾರೋ ಇದ್ದಾರೆ. ಆ ಒಳಗಿರುವವರ ವಿಷಯದಲ್ಲಿ ನಮ್ಮ ಕರ್ತವ್ಯವೇನು?

ಒಳಗೆ ಯಾರೂ ಇಲ್ಲ ಎಂದವರೂ ಉಂಟು. ಡೇಕಾರ್ಟನು ೧೬೩೭ರ ತನ್ನ ಗ್ರಂಥದಲ್ಲಿ ಮೃಗಗಳನ್ನು ಗಡಿಯಾರದಂಥ ಯಂತ್ರಗಳಿಗೆ ಹೋಲಿಸಿದನು. ನಮ್ಮ ಮನೆಗಳಲ್ಲಿ ಡೇಕಾರ್ಟನನ್ನು ಓದಿದವರು ಕಡಮೆ. ಆದರೆ “ಮೂಕಪ್ರಾಣಿ, ಅದಕ್ಕೇನು ತಿಳಿದೀತು” ಎಂಬ ಮಾತು ಅವನ ತತ್ತ್ವಕ್ಕೆ ದೂರವಲ್ಲ. ಮೂಕನೆಂದರೆ ಹೇಳಲಾರದವನು, ತಿಳಿಯಲಾರದವನಲ್ಲ. ಈ ಎರಡನ್ನೂ ಒಂದುಮಾಡಿದುದು ನಮ್ಮ ಸೌಕರ್ಯಕ್ಕಾಗಿ ಅಷ್ಟೆ.

ಇದಕ್ಕೆ ವಿರುದ್ಧವಾಗಿ, ಜೀವಗಳನ್ನು ಅವುಗಳ ಇಂದ್ರಿಯಗಳಿಂದಲೇ ಎಣಿಸಿದವರು ಜೈನರು. ಗಿಡಮರಗಳಿಗೆ ಸ್ಪರ್ಶವೊಂದೇ; ಹುಳುವಿಗೆ ರುಚಿಯೂ ಸೇರಿ ಎರಡು; ಇರುವೆಗೆ ವಾಸನೆ ಸೇರಿ ಮೂರು; ದುಂಬಿಗೆ ನೋಟ ಸೇರಿ ನಾಲ್ಕು; ಮೃಗಕ್ಕೂ ಮನುಷ್ಯನಿಗೂ ಕೇಳುವಿಕೆ ಸೇರಿ ಐದು. ಕನ್ನಡನಾಡಿನಲ್ಲಿ ಬಹುಕಾಲ ಬೆಳಗಿದ ಈ ಮತದ ಎಣಿಕೆಯನ್ನು ಇಂದಿನ ಪ್ರಾಣಿಶಾಸ್ತ್ರದ ತಕ್ಕಡಿಯಲ್ಲಿ ತೂಗಿದರೆ ಅಲ್ಲಲ್ಲಿ ಹೆಚ್ಚುಕಡಿಮೆಯಾದೀತು. ಅದರ ಬೆಲೆ ಇರುವುದು ಬೇರೆಡೆಯಲ್ಲಿ. ಆ ಜೀವಕ್ಕೆ ಬುದ್ಧಿ ಎಷ್ಟು, ಅದು ಮಾತಾಡಬಲ್ಲುದೆ, ಅದರಿಂದ ನಮಗೇನು ಲಾಭ ಎಂದು ಕೇಳದೆ, ಲೋಕವು ಅದರೊಳಕ್ಕೆ ಎಷ್ಟು ಬಾಗಿಲುಗಳಿಂದ ಪ್ರವೇಶಿಸುತ್ತದೆ ಎಂದು ಅವರು ಕೇಳಿದರು. ಹಿಂಸೆಯ ತಾರತಮ್ಯವನ್ನು ಅದಕ್ಕೆ ಹೊಂದಿಸಿದರು. ಅರಿವಿಗೆ ತೆರೆದ ಬಾಗಿಲಿನಿಂದಲೇ ನೋವೂ ಒಳಬರುವುದು. ಬಾವಲಿಯ ನರದಲ್ಲಿ ನೋವಿನ ಪ್ರೋಟೀನೇ ಅರಿವಿನ ಪ್ರೋಟೀನಾಗಿರುವುದನ್ನು ಮೇಲೆ ಹೇಳಿದೆನಷ್ಟೆ.

ಆದರೆ ಇಂದ್ರಿಯಜ್ಞಾನ ಬೆಳೆದಂತೆ ದಯೆಯೂ ಬೆಳೆಯುವುದೆಂದು ಸುಲಭವಾಗಿ ಹೇಳುವಂತಿಲ್ಲ. ಈ ಶಾಸ್ತ್ರದ ಇತಿಹಾಸವೇ ಅದಕ್ಕೆ ಅಡ್ಡಬರುತ್ತದೆ. ೧೭೯೩ರಲ್ಲಿ ಇಟಲಿಯ ಸ್ಪಲ್ಲಾಂಜಾನಿ ಎಂಬ ಪಂಡಿತನು, ಬಾವಲಿ ಕತ್ತಲೆಯಲ್ಲಿ ದಾರಿ ಕಾಣುವುದು ಹೇಗೆಂದು ತಿಳಿಯಲು ಬಾವಲಿಗಳ ಕಣ್ಣುಗಳನ್ನೇ ಕಳೆದು ಹಾರಿಬಿಟ್ಟನು. ಅವು ಮೊದಲಿನಂತೆಯೇ ಹಾರಿದುವು. ಮರುವರ್ಷ ಜಿನೀವದ ಜುರೀನನು ಅವುಗಳ ಕಿವಿಗಳನ್ನು ಮುಚ್ಚಿದನು. ಅವು ಎದುರಿಗೆ ಬಂದುದಕ್ಕೆಲ್ಲ ಡಿಕ್ಕಿಹೊಡೆದುವು. ಕಿವಿಯಿಂದ ದಾರಿ ಕಾಣುವುದೆಂಬ ಮಾತನ್ನು ಆಗಿನ ವಿದ್ವಾಂಸರು ನಂಬಲಿಲ್ಲ. ನಮಗೆ ಕೇಳದ ಧ್ವನಿಯುಂಟೆಂದು ಅವರು ಎಣಿಸಿರಲಿಲ್ಲ. ೧೯೩೮ರಲ್ಲಿ ಅಮೆರಿಕದ ಗ್ರಿಫಿನ್ ಮತ್ತು ಪಿಯರ್ಸ್ ಎಂಬವರು ಯಂತ್ರದಿಂದ ಆ ಧ್ವನಿಯನ್ನು ಹಿಡಿದು ತೋರಿಸುವವರೆಗೂ, ಸುಮಾರು ನೂರನಾಲ್ವತ್ತು ವರ್ಷ, ಆ ಕುರುಡು ಬಾವಲಿಗಳ ಸಾಕ್ಷ್ಯ ತಿರಸ್ಕೃತವಾಗಿಯೇ ಉಳಿಯಿತು. ಹಿಂಸೆ ನಡೆಯಿತು, ಅದರಿಂದ ಬಂದ ಅರಿವನ್ನೂ ಯಾರೂ ಸ್ವೀಕರಿಸಲಿಲ್ಲ. ಎರಡು ಬಗೆಯಲ್ಲಿಯೂ ನಷ್ಟ.

ಬುಡಾಪೆಸ್ಟಿನ ೧೩ ನಾಯಿಗಳ ಪರೀಕ್ಷೆಯನ್ನು ಇದರ ಪಕ್ಕದಲ್ಲಿಟ್ಟು ನೋಡಬೇಕು. ಮಿದುಳಿನ ಚಿತ್ರ ತೆಗೆಯುವ ಯಂತ್ರದಲ್ಲಿ ಅವು ಕಟ್ಟಿಲ್ಲದೆ, ಮತ್ತಿನ ಮದ್ದಿಲ್ಲದೆ, ಎಚ್ಚತ್ತು ಅಲುಗದೆ ಮಲಗಿದ್ದುವು. ಆ ಗದ್ದಲದ ಯಂತ್ರಕ್ಕೆ ಹೆದರದಿರುವಂತೆ ಅವನ್ನು ಮೆಲ್ಲಮೆಲ್ಲನೆ ಒಗ್ಗಿಸಿ, ಮೆಚ್ಚುಗೆಯಿಂದಲೂ ತಿಂಡಿಯಿಂದಲೂ ಕಲಿಸಲಾಗಿತ್ತು. ಬೇಡವೆಂದು ತೋರಿದ ನಾಯಿ ಎದ್ದು ಹೊರಕ್ಕೆ ಬರಬಹುದಾಗಿತ್ತು. ಸ್ಪಲ್ಲಾಂಜಾನಿಯ ಕಾಲದಲ್ಲಿ ಇಂಥ ಯಂತ್ರವಿರಲಿಲ್ಲವೆಂಬುದು ಸರಿ. ಆದರೆ ಜಿನೀವದವನು ಕಿವಿ ಮುಚ್ಚಿದಂತೆ ಕಣ್ಣನ್ನೂ ಮುಚ್ಚಿ ನೋಡಬಹುದಾಗಿತ್ತಷ್ಟೆ. ಕೇಳಿದ ಪ್ರಶ್ನೆ ಒಂದೇ ಜಾತಿಯದು. ಕೇಳಿದ ರೀತಿಯಲ್ಲಿ ಅಂತರ.

ದೂರದೇಶದ ಮಾತಾಯಿತು. ನಮ್ಮ ನಾಡಿನ ಮೂಗುಗಳ ಕಥೆಯನ್ನು ಈಗ ಹೇಳಬೇಕು; ಅದು ಅಷ್ಟು ಹಿತವಾದುದಲ್ಲ. ಕರಡಿ ನಾಯಿಯಂತೆಯೇ ಮಾಂಸಾಹಾರಿಗಳ ಗಣಕ್ಕೆ ಸೇರಿದ ಮೃಗ. ಬಳ್ಳಾರಿ ಸೀಮೆಯ ಕಲ್ಲುಗುಡ್ಡಗಳಲ್ಲಿ ವಾಸಿಸುವ ನಮ್ಮ ಕರಡಿ, ಗೆದ್ದಲಹುತ್ತವನ್ನು ಅಗೆದು, ಬೇಕಾದಾಗ ಮೂಗಿನ ಹೊಳ್ಳೆಗಳನ್ನು ಮುಚ್ಚಿಕೊಂಡು, ಮುಂದಿನ ಎರಡು ಮೇಲ್ಹಲ್ಲುಗಳಿಲ್ಲದ ಸಂದಿಯಿಂದ ಗೆದ್ದಲನ್ನು ಹೀರುತ್ತದೆ. ಅದರ ಜೀವನವೆಲ್ಲ ಮೂಗನ್ನು ನೆಚ್ಚಿದೆ. ಕರಡಿ ಕುಣಿಸುವವರು ಮರಿಯನ್ನು ಹಿಡಿದು ಮಾಡುತ್ತಿದ್ದ ಮೊದಲ ಕೆಲಸವೆಂದರೆ, ಕಾದ ಕಬ್ಬಿಣದ ಸೂಜಿಯಿಂದ ಆ ಮೂತಿಯನ್ನು ಚುಚ್ಚಿ ಹಗ್ಗವನ್ನು ಪೋಣಿಸುವುದು. ನಾವು ಬೀದಿಯಲ್ಲಿ ನಿಂತು ನೋಡಿ ಕಾಸು ಕೊಟ್ಟ ಕುಣಿತ, ಆ ಹಗ್ಗದ ಎಳೆತಕ್ಕೆ ತಾಳಲಾರದ ಮೃಗದ ಒದ್ದಾಟ. ೧೯೭೨ರ ವನ್ಯಜೀವಿ ಕಾಯಿದೆಯಿಂದ ಅದು ನಿಷಿದ್ಧವಾಯಿತು; ಆದರೂ ಮೂರೂವರೆ ದಶಕಗಳಿಗಿಂತ ಹೆಚ್ಚು ಕಾಲ ನಡೆದು, ೨೦೦೯ರ ಕೊನೆಯಲ್ಲಿ, ಕಟ್ಟಕಡೆಯದೆಂದು ಎಣಿಸಲಾದ ಕುಣಿತದ ಕರಡಿ ಬನ್ನೇರುಘಟ್ಟದ ಆಶ್ರಯಕ್ಕೆ ಒಪ್ಪಿಸಲ್ಪಟ್ಟಿತು. ಕರಡಿಯಿಂದಲೇ ಹೊಟ್ಟೆ ಹೊರೆಯುತ್ತಿದ್ದ ಕಲಂದರ್ ಕುಟುಂಬಗಳಿಗೆ ಬೇರೆ ಕಸುಬುಗಳಿಗೆ ನೆರವು ದೊರೆತುದರಿಂದ ಅದು ಸಾಧ್ಯವಾಯಿತೆಂಬುದನ್ನೂ ಹೇಳದಿರಬಾರದು, ಕಾಯಿದೆಯೊಂದರಿಂದಲೇ ಆದುದಲ್ಲ.

ಆ ಸೂಜಿಯನ್ನು ಹಿಡಿದವನಿಗೆ ನರಶಾಸ್ತ್ರವನ್ನು ಯಾರೂ ಬೋಧಿಸಿರಲಿಲ್ಲ. ಆದರೂ ಆ ಮೃಗದ ಶರೀರದಲ್ಲಿ ಅತ್ಯಂತ ಸೂಕ್ಷ್ಮವಾದ ಸ್ಥಳ ಯಾವುದೆಂದು ಅವನು ಬಲ್ಲವನಾಗಿದ್ದನು. ಬಲ್ಲವನಾದುದರಿಂದಲೇ ಅಲ್ಲಿ ಚುಚ್ಚಿದನು. ಹಾಗಾದರೆ ಅರಿವಿನಿಂದ ಆಗುವುದೇನು? ನನಗೆ ತೋರುವಂತೆ, ಅದು ನೆವವನ್ನು ಕಿತ್ತುಕೊಳ್ಳುತ್ತದೆ. “ಅದಕ್ಕೇನು ತಿಳಿದೀತು” ಎಂದು ಹೇಳಿ ಪಾರಾಗುವ ದಾರಿ, ನಾಯಿಯ ಮೂಗಿನ ಈ ಪರೀಕ್ಷೆಯಂಥವು ಒಂದೊಂದಾಗಿ ಬಂದಂತೆ, ಮುಚ್ಚುತ್ತ ಬರುತ್ತದೆ. “ತಿಳಿಯುತ್ತದೆ, ಆದರೂ ಮಾಡುತ್ತೇನೆ” ಎಂದು ಹೇಳುವ ದಾರಿ ಮಾತ್ರ ಉಳಿಯುತ್ತದೆ. ಹಾಗೆ ಹೇಳಬೇಕಾದ ಸಂದರ್ಭಗಳು ರೈತನ ಬಾಳಿನಲ್ಲಿ ಇಲ್ಲವೆಂದಲ್ಲ. ಆದರೆ ಹಾಗೆ ಹೇಳುವವನು ಕಾರಣವನ್ನೂ ಹೇಳಬೇಕಾಗುತ್ತದೆ. ಬೇಟೆಗೆಂದು ಹುಟ್ಟಿದ ಈ ಇಂದ್ರಿಯದ ಮೇಲೆ ಇಷ್ಟು ಮರುಕವೇಕೆಂದು ಕೆಲವರು ಕೇಳಬಹುದು. ನಾಯಿ ಮೊಲವನ್ನು ಹಿಡಿಯಲು ಮೂಗನ್ನು ಬಳಸುವುದು, ನಾವು ಆ ಮೂಗನ್ನು ನೋಯಿಸುವುದಕ್ಕೆ ಕಾರಣವಾಗದು.

ಎತ್ತಿನ ಮೂಗುದಾರದ ಪ್ರಶ್ನೆ ಕರಡಿಯದರಷ್ಟು ಸರಳವಲ್ಲ. ಎತ್ತಿನ ಮೂತಿಯೂ ಸದಾ ಒದ್ದೆ. ಅದರ ಚರ್ಮದ ಗೆರೆಗಳು ನಮ್ಮ ಬೆರಳಚ್ಚಿನಂತೆ ಒಂದೊಂದು ಪ್ರಾಣಿಗೆ ಒಂದೊಂದು ಬಗೆ. ಎರಡು ಹೊಳ್ಳೆಗಳ ನಡುವಣ ಗೋಡೆಯನ್ನು ತೂತುಮಾಡಿ ಹಾಯಿಸಿದ ಹಗ್ಗದಿಂದ, ತನ್ನ ಐದಾರರಷ್ಟು ತೂಕದ ಪ್ರಾಣಿಯನ್ನು ಒಬ್ಬ ಹುಡುಗನೂ ನಡೆಸಬಲ್ಲನು. ಅದಿಲ್ಲದಿದ್ದರೆ ಬೆದರಿದ ಎತ್ತು ಗಾಡಿಯನ್ನೂ ತನ್ನನ್ನೂ ಹುಡುಗನನ್ನೂ ಹಳ್ಳಕ್ಕೆ ಕೆಡಹಬಹುದು. ೧೯೬೦ರ ಪ್ರಾಣಿಹಿಂಸಾ ನಿವಾರಣೆಯ ಕಾಯಿದೆ, ಹಿಂಸೆಯೆನಿಸುವ ಕೃತ್ಯಗಳನ್ನೆಲ್ಲ ಎಣಿಸಿ, ಕೊಂಬು ತೆಗೆಯುವುದು, ಬೀಜ ಒಡೆಯುವುದು, ಬರೆಯಿಡುವುದು, ಮೂಗುದಾರ ಹಾಕುವುದು ಇವುಗಳನ್ನು, ಗೊತ್ತುಪಡಿಸಿದ ರೀತಿಯಲ್ಲಿ ಮಾಡಿದರೆ ಆ ಪಟ್ಟಿಯಿಂದ ಹೊರಗಿಡುತ್ತದೆ. ಶಾಸನಕರ್ತರು ನೋವಿಲ್ಲವೆಂದು ಹೇಳಲಿಲ್ಲ. ನೋವಿದೆಯೆಂದು ತಿಳಿದೇ ವಿನಾಯಿತಿಯನ್ನು ಕೊಟ್ಟರು. ಇದು ಪ್ರಾಮಾಣಿಕವಾದ ನಡತೆಯೆಂದೇ ಹೇಳಬೇಕು.

ಆದರೆ “ಗೊತ್ತುಪಡಿಸಿದ ರೀತಿಯಲ್ಲಿ” ಎಂಬ ಎರಡು ಪದಗಳ ಭಾರವೆಲ್ಲ ಹೊಲದ ಬದುವಿನಲ್ಲಿ ಎಲ್ಲಿಗೆ ಹೋಗುತ್ತದೆ? ಕರುವನ್ನು ನೆಲಕ್ಕೆ ಕೆಡವಿ, ನಾಲ್ವರು ಕುಳಿತು ಅದುಮಿ, ಕೈಗೆ ಸಿಕ್ಕ ಮೊನೆಯಿಂದ ಚುಚ್ಚಿ, ಒರಟು ಹಗ್ಗವನ್ನು ಎಳೆದು, ಅರಿಸಿನ ಬಳಿದು ಬಿಡುವುದು ಹಳೆಯ ಪದ್ಧತಿ. ಹಗ್ಗ ಮೂಗನ್ನು ತಿಂದು, ಹುಣ್ಣಾಗಿ, ಹುಳುಬಿದ್ದ ಎತ್ತನ್ನು ಕಾಣದ ಹಳ್ಳಿಗರಿಲ್ಲ. ಮೂಗುದಾರ ಬೇಡವೇ ಬೇಡ, ತಲೆಗೆ ಕಟ್ಟುವ ಹಗ್ಗವೇ ಸಾಕೆಂದು ಹೇಳುವವರಿದ್ದಾರೆ. ಎಳೆಯದರಿಂದಲೇ ಕೈಗೆ ಒಗ್ಗಿಸಿದ ಕರುವಿಗೆ ಅದು ಸಾಕಾದೀತು, ಸಂತೆಯಿಂದ ತಂದ ಬೆದರುಗುಳಿ ಹೋರಿಗೆ ಸಾಲದೆ ಹೋದೀತು. ನಾನು ಇಲ್ಲಿ ಕೇಳುವುದು ಅಷ್ಟು ದೂರದ ಮಾತನ್ನಲ್ಲ. ಆ ಚರ್ಮವನ್ನು ಸ್ವಲ್ಪಹೊತ್ತು ಮರಗಟ್ಟಿಸುವ ಮದ್ದು ಪಶುವೈದ್ಯರ ಬಳಿ ಇರುತ್ತದೆ. ಶುದ್ಧಮಾಡಿದ ಸೂಜಿಯೂ ಇರುತ್ತದೆ. ನಯವಾದ ಹತ್ತಿಯ ಹಗ್ಗವನ್ನು ಮನೆಯಲ್ಲಿಯೇ ಹೊಸೆಯಬಹುದು. ಕರುವನ್ನು ಪಶುವೈದ್ಯಶಾಲೆಯವರೆಗೆ ಹೊಡೆದುಕೊಂಡು ಹೋಗಿಬಂದರೆ ರೈತನಿಗೆ ಅರ್ಧ ದಿನದ ಕೆಲಸ ಕೆಟ್ಟೀತು, ಅಷ್ಟೆ.